ಹಳೆಯ ಫಟಫಟಿಗೆ ಹೊಸ ಉಸಿರು

ಬಾಗಲಕೋಟೆ, ಹುನಗುಂದ, ಇಳಕಲ್ಲ ಕಡೆಯ ಹಿರಿಯರು ಮೋಟಾರು ಸೈಕಲ್ಲನ್ನು ಇಂದಿಗೂ ಕರೆಯುವುದು 'ಫಟಫಟಿ' ಎಂದೇ. ಗಾಡಿ ಮಾಡುವ ಸದ್ದೇ ಗಾಡಿಯ ಹೆಸರಾಯಿತು. ಆದರೆ ಆ ಹೆಸರಿಗೆ ಕಾರಣವಾದ ಸದ್ದು ಮಾತ್ರ ಈಗ ರಸ್ತೆಯಲ್ಲಿ ಅಪರೂಪ. ಬೀದಿಯ ಕೊನೆಯಲ್ಲಿ ಗಾಡಿ ತಿರುಗುವ ಮೊದಲೇ ಯಾರು ಬಂದರೆಂದು ಮನೆಯವರಿಗೆ ತಿಳಿಸುತ್ತಿದ್ದ ಜಾವಾ ಮತ್ತು ಯೆಜ್ಡಿಗಳು ಅನೇಕ ಮನೆಗಳಲ್ಲಿ ಪಡಸಾಲೆಯ ಮೂಲೆ ಸೇರಿವೆ, ಇಲ್ಲವೇ ದನದ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲಗಳಿಗೆ ಆಸರೆಯಾಗಿವೆ.

ಈಗ ಅವುಗಳನ್ನು ಹೊರಗೆಳೆದು ಮತ್ತೆ ಓಡಿಸುವ ಹವ್ಯಾಸ ರಾಜ್ಯದಾದ್ಯಂತ ಹಬ್ಬಿದೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ-ಯೆಜ್ಡಿ ಅಭಿಮಾನಿಗಳು ತಮ್ಮ ಗಾಡಿಗಳ ದಿನವನ್ನಾಗಿ ಆಚರಿಸುತ್ತಾರೆ. ಅಂದು ಅಜ್ಜನ ಗಾಡಿಯ ಮೇಲೆ ಮೊಮ್ಮಗ ಕುಳಿತು ಬರುವ ದೃಶ್ಯ ಸಾಮಾನ್ಯ. ನೋಡುವವರ ಕಣ್ಣಿಗೆ ಬೀಳುವುದು ಹೊಳೆಯುವ ಕ್ರೋಮ್ ಟ್ಯಾಂಕು. ಆದರೆ ಗಾಡಿ ಬದುಕಿತೇ ಇಲ್ಲವೇ ಎಂಬುದು ನಿರ್ಧಾರವಾಗುವುದು ಕಣ್ಣಿಗೆ ಕಾಣದ ಎಂಜಿನ್ನಿನ ಒಳಗೆ. ಆ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸದಲ್ಲಿ ಒಂದು ಕಾರ್ಖಾನೆಯ ಇತಿಹಾಸವೂ ಇದೆ, ಕೈಯಿಂದ ಕೈಗೆ ಬಂದ ಒಂದು ವಿದ್ಯೆಯ ಅಳಿವು-ಉಳಿವಿನ ಪ್ರಶ್ನೆಯೂ ಇದೆ.

ಝೆಕ್ ನಾಡಿನಿಂದ ಯಾದವಗಿರಿಗೆ

ಜಾವಾ ಎಂಬ ಹೆಸರಿಗೂ ಇಂಡೋನೇಷ್ಯದ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಝೆಕೊಸ್ಲೊವಾಕಿಯದಲ್ಲಿ ಶಸ್ತ್ರಾಸ್ತ್ರಗಳನ್ನು ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರು ಸೈಕಲ್ ವಿಭಾಗವನ್ನು ಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿಸಿದಾಗ 'ಜಾವಾ' ಹುಟ್ಟಿತು. ಮೊದಲ ಗಾಡಿ 500 ಸಿಸಿಯ ದುಬಾರಿ ಯಂತ್ರ, ಅದು ಗೆಲ್ಲಲಿಲ್ಲ. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ ಹಾಕಿ ಮಾಡಿದ 175 ಸಿಸಿಯ ಅಗ್ಗದ ಗಾಡಿ ಜನಸಾಮಾನ್ಯರ ಕೈಗೆ ಎಟುಕಿತು. ಸಣ್ಣ ಗಾಡಿಯೇ ಕಂಪೆನಿಯನ್ನು ಉಳಿಸಿತು.

ಎರಡನೆಯ ಮಹಾಯುದ್ಧ ಶುರುವಾಗುವ ಹೊತ್ತಿಗೆ ಝೆಕ್ ನಾಡು ಜರ್ಮನಿಯ ವಶವಾಗಿತ್ತು. ಯಾನೆಚೆಕ್ 1941ರಲ್ಲಿ ತೀರಿಕೊಂಡ. ಆದರೆ ಅವನ ಎಂಜಿನಿಯರುಗಳು ಆಕ್ರಮಿಸಿದವರ ಕಣ್ಣು ತಪ್ಪಿಸಿ ಹೊಸ 250 ಸಿಸಿ ಗಾಡಿಯ ನಕ್ಷೆ ಸಿದ್ಧಪಡಿಸುತ್ತಲೇ ಇದ್ದರು. ಯುದ್ಧ ಮುಗಿದ ಮರುವರ್ಷ, 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಹೊರಬಿತ್ತು. ಎಂಜಿನ್ನು ಮತ್ತು ಗೇರ್ ಪೆಟ್ಟಿಗೆ ಒಂದೇ ಕವಚದಲ್ಲಿದ್ದ ಆ ಅಚ್ಚುಕಟ್ಟಾದ ಯಂತ್ರದ ಮುಂದಿನ ಪೀಳಿಗೆಯೇ 1950ರ ದಶಕದ 353 ಮಾದರಿ. ಇದೇ ನಮ್ಮ ಮೈಸೂರಿಗೆ ಬಂದದ್ದು.

ಸ್ವಾತಂತ್ರ್ಯಾನಂತರ ವಿದೇಶಿ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ ಇಲ್ಲಿಯೇ ತಯಾರಿಸುವುದು ಅನಿವಾರ್ಯವಾಯಿತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಶುರುವಾಗಿತ್ತು. ಮುಂಬಯಿಯಲ್ಲಿ ಜಾವಾ ಮಾರುತ್ತಿದ್ದ ಇರಾನಿ ಕುಟುಂಬದ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅವರು ಮೈಸೂರನ್ನು ಆರಿಸಿಕೊಂಡರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದು, 1961ರಲ್ಲಿ ಗಾಡಿಗಳ ತಯಾರಿಕೆ ಆರಂಭವಾಯಿತು. ಅಂದಿನ ರಾಜ್ಯಪಾಲರೂ ಮೈಸೂರಿನ ಹಿಂದಿನ ಮಹಾರಾಜರೂ ಆಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹ ಇದಕ್ಕಿತ್ತು. 1973ರಿಂದ ಗಾಡಿಗಳು 'ಯೆಜ್ಡಿ' ಎಂಬ ಹೆಸರಿನಲ್ಲಿ ಹೊರಬಂದವು. ಪಾರ್ಸಿಗಳ ಮೂಲ ನೆಲವಾದ ಇರಾನಿನ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ ಎನ್ನುತ್ತಾರೆ. 1978ರ ರೋಡ್‌ಕಿಂಗ್ ಈ ಸಾಲಿನ ಅತ್ಯಂತ ಹೆಸರುವಾಸಿ ಗಾಡಿ. 50 ಸಿಸಿ, 60 ಸಿಸಿಯ ಪುಟ್ಟ ಗಾಡಿಗಳೂ ಅದೇ ಕಾರ್ಖಾನೆಯಿಂದ ಬಂದವು.

1984ರಿಂದ ಗಾಳಿ ಬದಲಾಯಿತು. ಜಪಾನಿನ ಸಹಯೋಗದಿಂದ ಬಂದ ಸುಜುಕಿ, ಯಮಾಹಾ, ಹೀರೋ ಹೋಂಡಾ, ಕಾವಾಸಾಕಿಗಳ 100 ಸಿಸಿ ಗಾಡಿಗಳು ಹಗುರವಾಗಿದ್ದವು, ಪೆಟ್ರೋಲು ಕಡಿಮೆ ಕುಡಿಯುತ್ತಿದ್ದವು. ಇಂಧನದ ಬೆಲೆ ಏರುತ್ತಿದ್ದ ಆ ದಿನಗಳಲ್ಲಿ ಭಾರವಾದ 250 ಸಿಸಿ ಗಾಡಿಗೆ ಗಿರಾಕಿ ಕಡಿಮೆಯಾದರು. ಹೊಗೆಯ ಮೇಲಿನ ಸರ್ಕಾರಿ ನಿಯಮಗಳು ಬಿಗಿಯಾದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮಾರುಕಟ್ಟೆಗೆ ಮರಳಿ ಬಂದವಾದರೂ, ಅವು ನಾಲ್ಕು ಸ್ಟ್ರೋಕಿನ, ನೀರಿನಿಂದ ತಂಪಾಗುವ ಬೇರೆಯೇ ಎಂಜಿನ್ನಿನ ಗಾಡಿಗಳು. ಹಳೆಯ ಗಾಡಿಗೆ ಅವುಗಳ ಒಂದು ಪಿಸ್ಟನ್ನೂ ಹೊಂದುವುದಿಲ್ಲ. ಎಂದರೆ ಹಳೆಯ ಎಂಜಿನ್ನಿಗೆ ಹುಟ್ಟಿದ ಮನೆಯ ಬಾಗಿಲು ಮುಚ್ಚಿ ಕಾಲು ಶತಮಾನಕ್ಕೂ ಹೆಚ್ಚಾಯಿತು.

ಎರಡು ಸ್ಟ್ರೋಕಿನ ಗುಟ್ಟು

ಎಂಜಿನ್ ಕಟ್ಟುವ ಕೆಲಸ ಅರ್ಥವಾಗಬೇಕಾದರೆ ಅದು ಉಸಿರಾಡುವ ರೀತಿ ತಿಳಿಯಬೇಕು. ಇಂದಿನ ಬಹುತೇಕ ಗಾಡಿಗಳಲ್ಲಿ ಗಾಳಿ-ಪೆಟ್ರೋಲು ಒಳಬರಲು ಒಂದು, ಹೊಗೆ ಹೊರಹೋಗಲು ಒಂದು ಎಂದು ಬಾಗಿಲಿನಂಥ ವಾಲ್ವುಗಳಿರುತ್ತವೆ. ಹಳೆಯ ಜಾವಾದ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿಯೇ ಕಿಂಡಿಗಳಿವೆ. ಮೇಲೆ-ಕೆಳಗೆ ಓಡುವ ಪಿಸ್ಟನ್ನೇ ಆ ಕಿಂಡಿಗಳನ್ನು ತೆರೆಯುತ್ತದೆ, ಮುಚ್ಚುತ್ತದೆ.

ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆ ಹೊಸ ಮಿಶ್ರಣವನ್ನು ಹೀರುತ್ತದೆ. ಕೆಳಗಿಳಿದಾಗ ಅದೇ ಮಿಶ್ರಣ ಒತ್ತಲ್ಪಟ್ಟು ಪಕ್ಕದ ಕಿಂಡಿಗಳಿಂದ ಮೇಲಕ್ಕೆ ನುಗ್ಗಿ, ಉರಿದ ಹೊಗೆಯನ್ನು ಹೊರಕ್ಕೆ ತಳ್ಳುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನು ಎರಡು ಸುತ್ತಿಗೆ ಒಮ್ಮೆ ಉರಿದರೆ, ಇದು ಪ್ರತಿ ಸುತ್ತಿಗೂ ಉರಿಯುತ್ತದೆ. ಕ್ರ್ಯಾಂಕ್ ಪೆಟ್ಟಿಗೆಯನ್ನೇ ಪಂಪಿನಂತೆ ಬಳಸುವ ಈ ಉಪಾಯ 1890ರ ದಶಕದಲ್ಲಿ ಇಂಗ್ಲೆಂಡಿನ ಜೋಸೆಫ್ ಡೇ ರೂಪಿಸಿದ್ದು.

ಇನ್ನೊಂದು ವಿಶೇಷವಿದೆ. ಈ ಎಂಜಿನ್ನಿನ ತಳದಲ್ಲಿ ಎಣ್ಣೆಯ ಕೊಳವಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಹಾಕಬೇಕು. ಜಾವಾಕ್ಕೆ ಲೀಟರಿಗೆ ಸುಮಾರು 40 ಮಿಲಿ ಎಣ್ಣೆ ಎಂಬುದು ಅನೇಕ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ಬಂದ ಲೆಕ್ಕ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಗಾಡಿ ನಡುದಾರಿಯಲ್ಲಿ 'ಜಾಮ್' ಆಗುತ್ತದೆ. ಹೆಚ್ಚಾದರೆ ಮಸಿ ಕಟ್ಟಿ ಸೈಲೆನ್ಸರ್ ಮುಚ್ಚುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿದ್ದ ಈ ಗಾಡಿಯ ಮಾಲೀಕರಿಗೆ ಮಸಿ ಕೆರೆಯುವ ಕೆಲಸ ಹೊಸದಲ್ಲ.

ಬಯಲುಸೀಮೆಯ ಬಿಸಿಲು ಮತ್ತು ಧೂಳು ಈ ಎಂಜಿನ್ನಿಗೆ ಇಬ್ಬರು ಶತ್ರುಗಳು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಎದುರುಗಾಳಿಯನ್ನೇ ನಂಬಿ ತಂಪಾಗುವ ಸಿಲಿಂಡರು ಬಾಗಲಕೋಟೆಯಿಂದ ಹುನಗುಂದಕ್ಕೆ, ಅಲ್ಲಿಂದ ಇಳಕಲ್ಲಿಗೆ ಇಬ್ಬರನ್ನು ಹೊತ್ತು, ಮೇಲೆ ಸೀರೆಯ ಗಂಟನ್ನೂ ಹೊತ್ತು ಓಡಬೇಕು. ಎರೆಮಣ್ಣಿನ ಸಣ್ಣ ಧೂಳು, ಇಳಕಲ್ಲ ಸುತ್ತಿನ ಕೆಂಪು ಗ್ರಾನೈಟ್ ಕಲ್ಲಿನ ಪುಡಿ ಗಾಳಿಯ ಜಾಲರಿ ದಾಟಿ ಒಳಹೊಕ್ಕರೆ ಮರಳು ಕಾಗದದಂತೆ ಸಿಲಿಂಡರನ್ನು ಸವೆಸುತ್ತದೆ.

ಬಿಚ್ಚುವ ಮೊದಲು

ಹತ್ತಿಪ್ಪತ್ತು ವರ್ಷ ನಿಂತ ಗಾಡಿಯ ಕಿಕ್ ಅನೇಕ ವೇಳೆ ಕಾಲಿಗೆ ಬಗ್ಗುವುದಿಲ್ಲ. ಪಿಸ್ಟನ್ನಿನ ಉಂಗುರಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿರುತ್ತವೆ. ಅವಸರದವರು ಕಿಕ್ಕಿನ ಮೇಲೆ ನಿಂತು ಜಿಗಿಯುತ್ತಾರೆ, ಇಲ್ಲವೇ ಸುತ್ತಿಗೆ ಹಿಡಿಯುತ್ತಾರೆ. ಬಲ್ಲ ಮಿಸ್ತ್ರಿ ಪ್ಲಗ್ ಬಿಚ್ಚಿ, ಆ ತೂತಿನಿಂದ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಹೊಯ್ದು ಒಂದೆರಡು ದಿನ ಹಾಗೆಯೇ ಬಿಡುತ್ತಾನೆ. ಎಂಜಿನ್ ಕಟ್ಟುವ ಕೆಲಸದ ಮೊದಲ ಪಾಠ ಕಾಯುವುದು.

ಜಾವಾದ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಸನ್ನೆ. ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್, ಮರಳಿ ಮುಂದಕ್ಕೆ ತಂದರೆ ಗೇರ್. ಗೇರ್ ಬದಲಿಸುವಾಗ ಅದೇ ಸನ್ನೆ ಕ್ಲಚ್ಚನ್ನೂ ಸಡಿಲಿಸುತ್ತದೆ. ಕಾಣಲು ಸರಳವಾದ ಈ ಏರ್ಪಾಟು ಪೆಟ್ಟಿಗೆಯ ಒಳಗೆ ಸಾಕಷ್ಟು ಸೂಕ್ಷ್ಮ. ಬಿಚ್ಚುವಾಗ ಯಾವ ಬಿಲ್ಲೆ ಯಾವುದರ ಹಿಂದೆ ಇತ್ತೆಂದು ಗುರುತಿಡದಿದ್ದರೆ ಜೋಡಿಸುವಾಗ ದಿನಗಟ್ಟಲೆ ಪರದಾಟ. ಆದ್ದರಿಂದಲೇ ಹಳೆಯ ಗ್ಯಾರೇಜುಗಳಲ್ಲಿ ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಸಾಲಾಗಿ ಇಡುವ ರೂಢಿ ಬೆಳೆಯಿತು.

ಸಿಲಿಂಡರಿನ ಆಯುಷ್ಯ

353 ಮಾದರಿಯ ಸಿಲಿಂಡರಿನ ಒಳ ಅಗಲ 65 ಮಿ.ಮೀ.; ಪಿಸ್ಟನ್ ಓಡುವ ದೂರ 75 ಮಿ.ಮೀ. ಇವೆರಡರಿಂದ ಬರುವ ಗಾತ್ರ ಸುಮಾರು 249 ಘನ ಸೆಂಟಿಮೀಟರ್. ಎರಕದ ಕಬ್ಬಿಣದ ಈ ಸಿಲಿಂಡರು ಒಂದೇ ಸಮನಾಗಿ ಸವೆಯುವುದಿಲ್ಲ. ಉಂಗುರಗಳು ತಲುಪುವ ಮೇಲ್ತುದಿಯಲ್ಲಿ ಹೆಚ್ಚು, ಕೆಳಗೆ ಕಡಿಮೆ. ಜೊತೆಗೆ ದುಂಡು ಹೋಗಿ ತುಸು ಮೊಟ್ಟೆಯಾಕಾರ ಬರುತ್ತದೆ. ಬೆರಳಿಗೆ ತಿಳಿಯದ ಈ ವ್ಯತ್ಯಾಸವನ್ನು ಅಳೆಯುವ ಗೇಜು ಹೇಳುತ್ತದೆ.

ಸವೆತ ಮಿತಿ ಮೀರಿದ್ದರೆ ಲೇಥ್ ಅಂಗಡಿಯಲ್ಲಿ ಸಿಲಿಂಡರನ್ನು ಕೊರೆದು ಮತ್ತೆ ದುಂಡಾಗಿಸುತ್ತಾರೆ. ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ನುಗಳು ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಹಂತಗಳಲ್ಲಿ ಸಿಗುತ್ತವೆ. ಇಲ್ಲಿ ಒಂದು ಮುಖ್ಯ ನಿಯಮವಿದೆ: ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಅಳೆದು ಸಿಲಿಂಡರು ಕೊರೆಯಬೇಕೇ ಹೊರತು, ಮೊದಲೇ ಕೊರೆದು ಪಿಸ್ಟನ್ ಹುಡುಕಬಾರದು. ಎರಡರ ನಡುವಿನ ಅಂತರ ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕ. ಬಿಗಿಯಾದರೆ ಬಿಸಿಯಾದಾಗ ಕಚ್ಚುತ್ತದೆ, ಸಡಿಲಾದರೆ ತಣ್ಣಗಿರುವಾಗ ಬಡಿಯುತ್ತದೆ.

ಪಿಸ್ಟನ್ನಿನ ಉಂಗುರಗಳ ಕಥೆಯೂ ಕುತೂಹಲದ್ದು. ಗೋಡೆಯಲ್ಲಿ ಕಿಂಡಿಗಳಿರುವುದರಿಂದ ಉಂಗುರದ ತುದಿ ಕಿಂಡಿಯೊಳಗೆ ಚಾಚಿದರೆ ಮುರಿದು ಸಿಲಿಂಡರನ್ನೇ ಸೀಳುತ್ತದೆ. ಅದು ಸುತ್ತದಂತೆ ಪಿಸ್ಟನ್ನಿನ ತೋಡಿನಲ್ಲಿ ಸಣ್ಣ ಮೊಳೆ ಇರುತ್ತದೆ. ಉಂಗುರದ ಬಾಯಿ ಆ ಮೊಳೆಗೇ ಸರಿಯಾಗಿ ಕೂರಬೇಕು. ಇಡೀ ದುರಸ್ತಿಯ ಖರ್ಚು ಈ ಸಾಸಿವೆಯಷ್ಟು ಮೊಳೆಯ ಮೇಲೆ ನಿಂತಿರುತ್ತದೆ.

ಪ್ರತಿ ಬಾರಿ ಕೊರೆದಾಗಲೂ ಸಿಲಿಂಡರಿನ ಗೋಡೆ ತೆಳುವಾಗುತ್ತದೆ. ಕೆಲವೇ ಸಲ ಕೊರೆಯಲು ಸಾಧ್ಯ. ಆಮೇಲೆ ಒಳಗೆ ಹೊಸ ಕಬ್ಬಿಣದ ಕೊಳವೆ ತೊಡಿಸಿ, ಅದರಲ್ಲಿ ಕಿಂಡಿಗಳನ್ನು ಮೊದಲಿನ ಅಳತೆಗೇ ಕತ್ತರಿಸಬೇಕು. ಕಿಂಡಿಯ ಎತ್ತರ ತುಸು ಹೆಚ್ಚು-ಕಡಿಮೆಯಾದರೂ ಎಂಜಿನ್ನಿನ ಉಸಿರಿನ ಲಯ ತಪ್ಪುತ್ತದೆ.

ಕ್ರ್ಯಾಂಕಿನ ಕೆಲಸ

ಮಿಸ್ತ್ರಿಯ ನಿಜವಾದ ಪರೀಕ್ಷೆ ಕ್ರ್ಯಾಂಕಿನಲ್ಲಿ. ಜಾವಾದ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಭಾರವಾದ ಚಕ್ರಗಳ ನಡುವೆ ಒಂದು ಉಕ್ಕಿನ ಪಿನ್ನನ್ನು ಟನ್ನುಗಟ್ಟಲೆ ಒತ್ತಡದಿಂದ ಕೂರಿಸಿರುತ್ತಾರೆ. ನಟ್ಟಿಲ್ಲ, ಬೆಸುಗೆಯಿಲ್ಲ, ಹಿಡಿತ ಬಿಗಿತದಿಂದಲೇ. ಆ ಪಿನ್ನಿನ ಮೇಲೆ ಸಣ್ಣ ರೋಲರುಗಳು, ಅವುಗಳ ಮೇಲೆ ಕನೆಕ್ಟಿಂಗ್ ರಾಡು ತಿರುಗುತ್ತವೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ತೇವದಿಂದ ಮೊದಲು ತುಕ್ಕು ಹಿಡಿಯುವುದು ಈ ರೋಲರುಗಳಿಗೆ. ತುಕ್ಕಿನ ಕಲೆಯಿರುವ ರೋಲರುಗಳಿಂದಲೂ ಗಾಡಿ ಶುರುವಾಗುತ್ತದೆ. ಮೋಸ ಇರುವುದು ಅಲ್ಲಿಯೇ. ಕೆಲವು ನೂರು ಕಿಲೋಮೀಟರಿನೊಳಗೆ ಕೆಳಗಿನಿಂದ ಕುಟ್ಟುವ ಸದ್ದು ಬಂದು ಮಾಡಿದ ಕೆಲಸವೆಲ್ಲ ನೀರುಪಾಲಾಗುತ್ತದೆ.

ಪ್ರೆಸ್ ಯಂತ್ರದಿಂದ ಚಕ್ರಗಳನ್ನು ಬಿಡಿಸಿ, ಹೊಸ ಪಿನ್ನು, ರೋಲರು, ರಾಡು ಕೂರಿಸಿ ಮತ್ತೆ ಒತ್ತಿದ ಮೇಲೆ ಎರಡೂ ಚಕ್ರಗಳ ನಡುಗೆರೆ ಒಂದೇ ಸಾಲಿನಲ್ಲಿರಬೇಕು. ಕ್ರ್ಯಾಂಕನ್ನು ಎರಡು ಮೊನೆಗಳ ನಡುವೆ ತೂಗುಹಾಕಿ, ಡಯಲ್ ಗೇಜಿನ ಮುಳ್ಳು ನೋಡುತ್ತ ತಿರುಗಿಸುತ್ತಾರೆ. ಮುಳ್ಳು ಓಲಾಡಿದ ಕಡೆ ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಮತ್ತೆ ತಿರುಗಿಸುವುದು, ಮತ್ತೆ ಪೆಟ್ಟು. ಓಲಾಟ ಮಿಲಿಮೀಟರಿನ ಕೆಲವೇ ನೂರನೆಯ ಭಾಗಗಳಿಗೆ ಇಳಿಯುವವರೆಗೆ ಇದು ನಡೆಯುತ್ತದೆ. ಎಲ್ಲಿ, ಎಷ್ಟು ಜೋರಾಗಿ ಹೊಡೆಯಬೇಕೆಂಬುದು ಯಾವ ಪುಸ್ತಕದಿಂದಲೂ ಬರುವುದಿಲ್ಲ. ಇಳಕಲ್ಲ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಸೇರಿಸುವ ಕೈಗೆ ಅಭ್ಯಾಸ ಹೇಗೋ ಇದಕ್ಕೂ ಹಾಗೆಯೇ.

ಗಾಳಿ ಸೋರಿದರೆ ಕೆಟ್ಟಿತು

ಕ್ರ್ಯಾಂಕ್ ಪೆಟ್ಟಿಗೆಯೇ ಪಂಪು ಎಂದಾದ ಮೇಲೆ ಅದು ಗಾಳಿ ಸೋರದಂತಿರಬೇಕು. ಕ್ರ್ಯಾಂಕಿನ ಎರಡು ಬದಿಗೂ ಇರುವ ರಬ್ಬರಿನ ಆಯಿಲ್ ಸೀಲುಗಳೇ ಇದರ ಕಾವಲುಗಾರರು. ನಿಂತ ಗಾಡಿಯಲ್ಲಿ ಇವು ಒಣಗಿ ಕಲ್ಲಾಗುತ್ತವೆ. ಕ್ಲಚ್ ಬದಿಯ ಸೀಲು ಹೋದರೆ ಎಂಜಿನ್ನು ಗೇರ್ ಪೆಟ್ಟಿಗೆಯ ಎಣ್ಣೆಯನ್ನೇ ಕುಡಿದು ದಟ್ಟ ಬಿಳಿ ಹೊಗೆ ಕಾರುತ್ತದೆ. ಡೈನಮೋ ಬದಿಯ ಸೀಲು ಹೋದರೆ ಅಪಾಯ ಇನ್ನೂ ಹೆಚ್ಚು. ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲೂ ಅದರೊಂದಿಗೆ ಎಣ್ಣೆಯ ಪಾಲೂ ತಗ್ಗುತ್ತವೆ, ಶಾಖ ಏರುತ್ತದೆ, ಪಿಸ್ಟನ್ ಕಚ್ಚುತ್ತದೆ. ಸಾವಿರಾರು ರೂಪಾಯಿಯ ಕೆಲಸ ಅಗ್ಗದ ಒಂದು ರಬ್ಬರಿನಿಂದ ಹಾಳಾಗುವುದು ಹೀಗೆ.

ಅಲ್ಯೂಮಿನಿಯಮ್ ಪೆಟ್ಟಿಗೆಗೆ ಬೇರಿಂಗ್ ಕೂರಿಸುವಾಗ ಹೊಡೆಯುವುದಿಲ್ಲ. ಪೆಟ್ಟಿಗೆಯನ್ನು ಬಿಸಿ ಮಾಡಿದರೆ ಅದು ಹಿಗ್ಗಿ, ಬೇರಿಂಗು ತನ್ನ ಭಾರಕ್ಕೇ ಒಳಗೆ ಇಳಿಯುತ್ತದೆ. ತಣ್ಣಗಾದಾಗ ಪೆಟ್ಟಿಗೆ ಅದನ್ನು ಬಿಗಿಹಿಡಿಯುತ್ತದೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಾವನ್ನು ಕಾಯಿಸಿ ತೊಡಿಸುತ್ತಿದ್ದ ಕಮ್ಮಾರನ ವಿದ್ಯೆಯೇ ಇದು. ಕೊನೆಗೆ ಕಿಡಿಯ ಸಮಯ. ಪಾಯಿಂಟುಗಳ ನಡುವೆ ಸುಮಾರು 0.4 ಮಿ.ಮೀ. ಅಂತರವಿಟ್ಟು, ಪಿಸ್ಟನ್ ಮೇಲ್ತುದಿ ಮುಟ್ಟುವ ತುಸು ಮೊದಲು ಕಿಡಿ ಹಾರುವಂತೆ ಹೊಂದಿಸಿದರೆ ಕೆಲಸ ಮುಗಿಯಿತು.

ಮುಗಿಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಹೊಸ ಪಿಸ್ಟನ್ನೂ ಹೊಸ ಗೋಡೆಯೂ ಒಂದಕ್ಕೊಂದು ಒಗ್ಗಬೇಕು. ಮೊದಲ ಕೆಲವು ನೂರು ಕಿಲೋಮೀಟರು ಹಿಂಬದಿ ಸವಾರನಿಲ್ಲದೆ, ವೇಗ ಹೆಚ್ಚಿಸದೆ, ನಡುನಡುವೆ ನಿಲ್ಲಿಸಿ ತಣಿಸುತ್ತ ಓಡಿಸಬೇಕು. ಬಾಗಲಕೋಟೆಯಿಂದ ಬಾದಾಮಿಗೆ ಬೆಳಗಿನ ತಂಪಿನಲ್ಲಿ ಹೋಗಿಬರುವ ದಾರಿ ಇದಕ್ಕೆ ಹೇಳಿಮಾಡಿಸಿದಂತಿದೆ.

ಯಾವುದು ಹಳೆಯದು?

ಬಾದಾಮಿ ತಲುಪಿದವರಿಗೆ ಈ ಕೆಲಸದ ಅತಿ ಕಠಿಣ ಪ್ರಶ್ನೆ ಎದುರಾಗುತ್ತದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲು ಇಲ್ಲಿಂದ ದೂರವಿಲ್ಲ. ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ಒಂದು ತತ್ವವಿದೆ. 1964ರ ವೆನಿಸ್ ಸನ್ನದು ಅದನ್ನು ಸ್ಪಷ್ಟವಾಗಿ ಹೇಳಿತು: ಬಿದ್ದುಹೋದ ಭಾಗಕ್ಕೆ ಹೊಸ ಕಲ್ಲು ಇಟ್ಟರೆ ಅದು ಒಟ್ಟಿಗೆ ಹೊಂದಬೇಕು, ಆದರೆ ಹತ್ತಿರದಿಂದ ನೋಡಿದವರಿಗೆ ಹೊಸದೆಂದು ಗೊತ್ತಾಗಬೇಕು. ಹೊಸದನ್ನು ಹಳೆಯದೆಂದು ತೋರಿಸುವುದು ಇತಿಹಾಸಕ್ಕೆ ಮಾಡುವ ವಂಚನೆ.

ಎಂಜಿನ್ನಿಗೂ ಈ ಮಾತು ಸಲ್ಲುತ್ತದೆ. ಪಿಸ್ಟನ್ನು, ಉಂಗುರ, ಸೀಲು, ಬೇರಿಂಗುಗಳು ಸವೆಯಲೆಂದೇ ಮಾಡಿದವು, ಬದಲಿಸಿದರೆ ದೋಷವಿಲ್ಲ. ಆದರೆ ಕ್ರ್ಯಾಂಕ್ ಪೆಟ್ಟಿಗೆಯ ಮೇಲೆ ಕಾರ್ಖಾನೆ ಒತ್ತಿದ ಸಂಖ್ಯೆಯೇ ಗಾಡಿಯ ಗುರುತು. ಅಂಚೆ ಚೀಟಿಯಷ್ಟು ಜಾಗದಲ್ಲಿರುವ ಆ ಅಂಕಿಗಳನ್ನು ಪಾಲಿಶ್ ಮಾಡುವ ಉತ್ಸಾಹದಲ್ಲಿ ಉಜ್ಜಿ ಅಳಿಸಿದರೆ ಗಾಡಿ ಅನಾಥವಾಗುತ್ತದೆ. ನೋಂದಣಿ ಪುಸ್ತಕದ ಸಂಖ್ಯೆಗೂ ಎಂಜಿನ್ನಿಗೂ ತಾಳೆಯಾಗದಿದ್ದರೆ ಕಾನೂನಿನ ತೊಡಕು ಬೇರೆ. ಇನ್ನೊಂದೆಡೆ, ಒಂದು ಗಾಡಿ ಬದುಕಿಸಲು ಮೂರು ಗಾಡಿ ಬಿಚ್ಚಿ ಮಾರುವ ವ್ಯಾಪಾರವೂ ಬೆಳೆದಿದೆ. ಗುಜರಿಗೆ ಹೋಗಬೇಕಾದ ಭಾಗ ಉಳಿಯಿತೆನ್ನುವುದು ಒಂದು ವಾದ. ಉಳಿಯಬಹುದಾಗಿದ್ದ ಗಾಡಿ ಹೋಯಿತೆನ್ನುವುದೂ ಅಷ್ಟೇ ನಿಜ.

ಕಾಯಿದೆ ಈಗ ಕೊಂಚ ಕಣ್ಣು ತೆರೆದಿದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಮತ್ತು ಮೂಲ ರೂಪದಲ್ಲಿರುವ ದ್ವಿಚಕ್ರ ವಾಹನಗಳನ್ನೂ 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ ಶುಲ್ಕ. ಸಂಖ್ಯಾಫಲಕದಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇಂದಿಗೂ ಸಂತೆಗೆ ಹೋಗಿಬರುವ ಗಾಡಿಯ ಮಾಲೀಕನಿಗೆ ಇದರಿಂದ ಉಪಯೋಗ ಕಡಿಮೆ.

ಇಂಧನವೂ ಬದಲಾಗಿದೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಎಥೆನಾಲ್ ನೀರಿನಂಶವನ್ನು ಹೀರುತ್ತದೆ. ಹಳೆಯ ರಬ್ಬರು ಭಾಗಗಳನ್ನು ಮೆತ್ತಗಾಗಿಸುತ್ತದೆ. ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕಿಗೆ ದಾರಿಯಾಗುತ್ತದೆ. ಮುಧೋಳ, ಜಮಖಂಡಿ ಭಾಗದ ಕಬ್ಬಿನ ರೈತನಿಗೆ ಎಥೆನಾಲ್ ಆದಾಯದ ದಾರಿ. ಅದೇ ರೈತನ ಅಂಗಳದ ಹಳೆಯ ಯೆಜ್ಡಿಗೆ ಮಾತ್ರ ಅದು ಒಗ್ಗದ ಆಹಾರ. ಗಾಡಿ ನಿಲ್ಲಿಸುವ ಮುನ್ನ ಕಾರ್ಬುರೇಟರು ಬರಿದು ಮಾಡುವುದು, ಸೀಲುಗಳನ್ನು ಹೊಸ ಬಗೆಯ ರಬ್ಬರಿಗೆ ಬದಲಿಸುವುದು ಇದಕ್ಕೆ ಕಂಡುಕೊಂಡ ಪರಿಹಾರಗಳು.

ಉಳಿಯಬೇಕಾದದ್ದು

ಪಿಸ್ಟನ್ನು ಇಂದಲ್ಲ ನಾಳೆ ಎಲ್ಲಿಂದಲಾದರೂ ತರಿಸಬಹುದು. ಝೆಕ್ ನಾಡಿನಲ್ಲಿ ಹಳೆಯ ಜಾವಾಗಳಿಗೆ ಈಗಲೂ ಬಿಡಿಭಾಗಗಳು ತಯಾರಾಗುತ್ತವೆ. ತರಿಸಲಾಗದ್ದು ಮಿಸ್ತ್ರಿಯ ಕಿವಿ ಮತ್ತು ಕೈ. ಕುಟ್ಟುವ ಸದ್ದು ಪಿಸ್ಟನ್ನಿನದೋ ಕ್ರ್ಯಾಂಕಿನದೋ ಎಂದು ನಿಂತಲ್ಲೇ ಹೇಳಬಲ್ಲವರು ಈಗ ವಯಸ್ಸಾದವರು. ಗ್ಯಾರೇಜಿಗೆ ಬರುವ ಹುಡುಗರು ಕಲಿಯುವುದು ಇಂದಿನ ಗಾಡಿಗಳನ್ನು. ಅದರಲ್ಲಿ ತಪ್ಪೇನೂ ಇಲ್ಲ, ಹೊಟ್ಟೆ ತುಂಬುವುದು ಅದರಿಂದಲೇ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬೀದಿಗಳು ಮುಳುಗಿ ಜನ ನವನಗರಕ್ಕೆ ಸರಿದಂತೆ, ವಿದ್ಯೆಯೂ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತದೆ. ಮುಳುಗಿದ ಮನೆಗೆ ಪರಿಹಾರದ ಲೆಕ್ಕವಾದರೂ ಇತ್ತು. ಇದಕ್ಕೆ ಅದೂ ಇಲ್ಲ.

ಆದ್ದರಿಂದ ಮನೆಯ ಮೂಲೆಯಲ್ಲಿ ಹಳೆಯ ಗಾಡಿ ಇಟ್ಟುಕೊಂಡವರು ಬಣ್ಣ ಬಳಿಸುವ ಮುನ್ನ ಒಮ್ಮೆ ಎಂಜಿನ್ನಿನ ಕಡೆ ನೋಡುವುದು ಒಳ್ಳೆಯದು. ಬಲ್ಲ ಮಿಸ್ತ್ರಿ ಇರುವಾಗಲೇ ಅದನ್ನು ಬಿಚ್ಚಿಸಿ, ಅವನ ಪಕ್ಕದಲ್ಲಿ ಕಲಿಯುವ ಹುಡುಗನೊಬ್ಬನನ್ನು ಕೂರಿಸಿದರೆ ಗಾಡಿಯ ಜೊತೆಗೆ ವಿದ್ಯೆಯೂ ಇನ್ನೊಂದು ತಲೆಮಾರು ಓಡೀತು. ಪ್ರತಿ ಸಿಲಿಂಡರಿಗೂ ಕೊರೆಯಲು ಉಳಿದಿರುವ ಸರದಿಗಳು ಎಣಿಕೆಯವು. ಕೊರೆಯಬಲ್ಲ ಕೈಗಳೂ ಅಷ್ಟೇ.